ನೋವಿಲ್ಲದ ರೋಗಕ್ಕೆ ನಿತ್ಯದ ಔಷಧ

ಔಷಧವನ್ನು ಮನುಷ್ಯನು ಸಾಮಾನ್ಯವಾಗಿ ಸಂಕಟದ ಒತ್ತಾಯದಿಂದ ಸೇವಿಸುತ್ತಾನೆ. ಹಲ್ಲು ನೊಂದಾಗ, ಜ್ವರ ಮೈಯನ್ನು ಸುಟ್ಟಾಗ, ಉಸಿರು ಕಟ್ಟಿದಾಗ ಅವನು ವೈದ್ಯನ ಬಾಗಿಲಿಗೆ ಹೋಗುತ್ತಾನೆ. ನೋವು ಅಡಗಿತೆಂದರೆ ಔಷಧದ ಕೆಲಸ ಮುಗಿಯಿತೆಂದು ತಿಳಿಯುತ್ತಾನೆ. ಹಾಗೆ ತಿಳಿಯುವುದರಲ್ಲಿ ಬಹುಮಟ್ಟಿಗೆ ತಪ್ಪೂ ಇಲ್ಲ. ಆದರೆ ನಮ್ಮ ಜನ ‘ಬಿಪಿ’ ಎಂಬ ಎರಡಕ್ಷರಗಳಲ್ಲಿ ಹೇಳಿ ಮುಗಿಸುವ ಅಧಿಕ ರಕ್ತದೊತ್ತಡವು ಈ ನಿಯಮಕ್ಕೆ ಒಳಪಡತಕ್ಕದ್ದಲ್ಲ. ವರ್ಷಾನುಗಟ್ಟಲೆ ಅದು ದೇಹದಲ್ಲಿದ್ದೂ ತಾನಿರುವೆನೆಂದು ತಿಳಿಸುವುದಿಲ್ಲ. ಮೆದುಳಿನ, ಹೃದಯದ, ಮೂತ್ರಪಿಂಡದ, ಕಣ್ಣಿನ ಹಿಂಭಾಗದ ಸೂಕ್ಷ್ಮ ರಕ್ತನಾಳಗಳನ್ನು ಸದ್ದಿಲ್ಲದೆ ಸವೆಯಿಸುತ್ತ ಬಂದು, ಒಂದು ದಿನ ಪಾರ್ಶ್ವವಾಯುವಾಗಿಯೋ ಹೃದಯಾಘಾತವಾಗಿಯೋ ಪ್ರಕಟವಾಗುತ್ತದೆ. ಆದುದರಿಂದ ಈ ರೋಗದ ಮಾತ್ರೆಯನ್ನು ನುಂಗುವವನು ಇಂದಿನ ನೋವನ್ನು ಕಳೆದುಕೊಳ್ಳುವುದಕ್ಕಾಗಿ ನುಂಗುತ್ತಿಲ್ಲ, ಮುಂದೆಂದೋ ಬರಬಹುದಾದ ವಿಪತ್ತು ಬಾರದಿರಲಿ ಎಂದು ನುಂಗುತ್ತಿದ್ದಾನೆ. ಮಾತ್ರೆ ಬೇಕೋ ಬೇಡವೋ, ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬ ಎರಡು ಪ್ರಶ್ನೆಗಳಲ್ಲಿ ಯಾವುದಕ್ಕೂ ಅವನ ಮೈ ಉತ್ತರ ಹೇಳಲಾರದು. ಈ ಔಷಧದ ವಿಷಯದಲ್ಲಿ ನಡೆಯುವ ಪ್ರಮಾದಗಳಲ್ಲಿ ಹೆಚ್ಚಿನವು, ಉತ್ತರ ಹೇಳಲಾರದ ಮೈಯನ್ನೇ ಮತ್ತೆ ಮತ್ತೆ ಕೇಳುವುದರಿಂದ ಹುಟ್ಟತಕ್ಕವು.

ಈ ಮಾತ್ರೆಗಳಿಲ್ಲದಿದ್ದ ಕಾಲ ಬಹು ಹಿಂದಿನದೇನೂ ಅಲ್ಲ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರನ್ನು 1944ರ ಮಾರ್ಚಿಯಲ್ಲಿ ಹೊವರ್ಡ್ ಬ್ರೂಯೆನ್ ಎಂಬ ಹೃದಯತಜ್ಞರು ಪರೀಕ್ಷಿಸಿದಾಗ ಅವರ ರಕ್ತದೊತ್ತಡ 186/108 ಇದ್ದಿತು. ಜಗತ್ತಿನ ಅತ್ಯಂತ ಬಲಶಾಲಿ ರಾಷ್ಟ್ರದ ನಾಯಕನಿಗೆ ಅಂದಿನ ವೈದ್ಯಶಾಸ್ತ್ರ ಕೊಡಬಲ್ಲದ್ದಾಗಿದ್ದುದು ವಿಶ್ರಾಂತಿ, ಉಪ್ಪಿನ ಪಥ್ಯ ಮತ್ತು ಹೃದಯಕ್ಕೆ ಬಲ ಕೊಡುವ ಡಿಜಿಟಾಲಿಸ್, ಇಷ್ಟು ಮಾತ್ರ. 1945ರ ಏಪ್ರಿಲ್ 12ರಂದು, ತಲೆಯ ಹಿಂಭಾಗದಲ್ಲಿ ಭಯಂಕರವಾದ ನೋವೆಂದು ಹೇಳಿ ಅವರು ಕುಸಿದಾಗ ಒತ್ತಡ 300/190 ಮುಟ್ಟಿತ್ತು. ಮೆದುಳಿನ ರಕ್ತಸ್ರಾವದಿಂದ ಅರುವತ್ತಮೂರನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಇಂದು ನಮ್ಮ ತಾಲ್ಲೂಕಿನ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂಲಿಗಾರನೊಬ್ಬನಿಗೆ ಹಣವಿಲ್ಲದೆ ದೊರೆಯುವ ಚಿಕಿತ್ಸೆ ಅಂದು ರೂಸ್‌ವೆಲ್ಟರಿಗೆ ದೊರೆಯಲಿಲ್ಲ. ದೊರೆತದ್ದನ್ನು ಅಲಕ್ಷ್ಯದಿಂದ ಕೈಬಿಡುವವರನ್ನು ಕಂಡಾಗ ನನಗೆ ವ್ಯಥೆಯಾಗುವುದು ಈ ಚರಿತ್ರೆಯ ನೆನಪಿನಿಂದಲೇ.

ಆ ಚರಿತ್ರೆಯಲ್ಲಿ ಭಾರತದ ಪಾತ್ರವೂ ಉಂಟು. ಸರ್ಪಗಂಧದ ಬೇರು ರಕ್ತದೊತ್ತಡವನ್ನು ತಗ್ಗಿಸುವುದೆಂದು ಸೇನ್ ಮತ್ತು ಬೋಸ್ ಎಂಬ ವೈದ್ಯರು 1931ರಲ್ಲಿಯೇ ಕಲ್ಕತ್ತೆಯಿಂದ ಬರೆದಿದ್ದರು, ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ಅದನ್ನು ರೋಗಿಗಳಲ್ಲಿ ಕ್ರಮವಾಗಿ ಪರೀಕ್ಷಿಸಿ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಬಳಿಕ ಜಗತ್ತಿನ ಗಮನ ಈ ಬೇರಿನ ಕಡೆಗೆ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನತಜ್ಞರು ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಮುಂದೆ ಅಮೆರಿಕದಲ್ಲಿ ಎಡ್ವರ್ಡ್ ಫ್ರೈಸ್ ಎಂಬ ವೈದ್ಯರ ನೇತೃತ್ವದಲ್ಲಿ ಮಾಜಿ ಸೈನಿಕರ ಮೇಲೆ ನಡೆದು 1967ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗದಲ್ಲಿ ಬಳಸಿದ ಮೂರು ಔಷಧಗಳಲ್ಲಿ ಈ ರಿಸರ್ಪಿನ್ನೂ ಒಂದು. ಒತ್ತಡದ ಕೆಳಗಿನ ಅಂಕೆ 115ರಿಂದ 129ರವರೆಗೆ ಇದ್ದ 143 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನಿಜವಾದ ಔಷಧವನ್ನೂ ಉಳಿದವರಿಗೆ ಔಷಧದಂತೆ ತೋರುವ ಹುಸಿ ಗುಳಿಗೆಯನ್ನೂ ಕೊಟ್ಟು ನೋಡಿದಾಗ, ಹುಸಿ ಗುಳಿಗೆಯವರಲ್ಲಿ 27 ಮಂದಿಗೆ ಗಂಭೀರ ವಿಪತ್ತುಗಳು ಒದಗಿದುವು, ಔಷಧ ಪಡೆದವರಲ್ಲಿ ಇಬ್ಬರಿಗೆ ಮಾತ್ರ. ಒತ್ತಡವನ್ನು ಇಳಿಸಿದರೆ ಪ್ರಾಣ ಉಳಿಯುವುದೆಂಬ ಮಾತು ಅಂದಿನಿಂದ ಊಹೆಯಾಗಿ ಉಳಿಯಲಿಲ್ಲ. ಸರ್ಪಗಂಧದ ಕಥೆಯಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಬೇರಿನಿಂದ ಬಂದದ್ದಾದರೂ ರಿಸರ್ಪಿನ್ನು ಮೂಗು ಕಟ್ಟಿಸುತ್ತಿತ್ತು, ಕೆಲವರ ಮನಸ್ಸನ್ನು ಕುಗ್ಗಿಸುವುದೆಂಬ ಅಪವಾದಕ್ಕೂ ಗುರಿಯಾಯಿತು. ಹಾಗಾಗಿ ಇಂದು ಅದರ ಬಳಕೆ ಬಹಳ ವಿರಳ. ‘ನಾಟಿ ಔಷಧ, ಏನೂ ತೊಂದರೆ ಮಾಡುವುದಿಲ್ಲ’ ಎಂಬ ನಂಬಿಕೆಯಿಂದ ಹೆಸರು ತಿಳಿಯದ ಪುಡಿಯನ್ನು ವೈದ್ಯರ ಮಾತ್ರೆಯ ಜೊತೆಗೆ ಸೇವಿಸುವವರು ಇದನ್ನು ಅರಿತಿರಬೇಕು: ಒತ್ತಡವನ್ನು ಇಳಿಸುವ ಶಕ್ತಿಯುಳ್ಳ ಯಾವ ದ್ರವ್ಯವೂ ಇನ್ನೇನನ್ನೂ ಮಾಡದೆ ಸುಮ್ಮನಿರುವುದಿಲ್ಲ.

ಇನ್ನು ಪ್ರಮಾದಗಳ ವಿಷಯ. ಅವುಗಳಲ್ಲಿ ಮೊದಲನೆಯದೂ ಅತಿ ಸಾಮಾನ್ಯವಾದದ್ದೂ, ಮಾತ್ರೆಯನ್ನು ತಾನಾಗಿ ಬಿಟ್ಟುಬಿಡುವುದು. ವೈದ್ಯರ ಕೊಠಡಿಯಲ್ಲಿ ಈ ಸಂಭಾಷಣೆಯನ್ನು ಯಾರು ಬೇಕಾದರೂ ಕೇಳಬಹುದು. “ಯಾಕೆ ರಾಯರೆ, ಈ ಸಲ ಇಷ್ಟೊಂದು ಏರಿದೆಯಲ್ಲ, ಮಾತ್ರೆ ತೆಗೆದುಕೊಳ್ಳುತ್ತಿದ್ದೀರೋ?” “ಇಲ್ಲ ಡಾಕ್ಟರೆ, ಹೋದ ಸಲ ನೋಡಿದಾಗ ನಾರ್ಮಲ್ ಅಂದಿರಲ್ಲ, ಅದಕ್ಕೇ ನಿಲ್ಲಿಸಿಬಿಟ್ಟೆ.” ರಾಯರ ತರ್ಕವನ್ನು ಅಪಹಾಸ್ಯ ಮಾಡುವುದು ಸಲ್ಲದು; ಜ್ವರ ಬಿಟ್ಟ ಮೇಲೆ ಜ್ವರದ ಮಾತ್ರೆಯನ್ನು ನಿಲ್ಲಿಸಿ ಅಭ್ಯಾಸವಾದ ಬುದ್ಧಿಗೆ ಅದು ಸಹಜವಾದ ತರ್ಕವೇ. ಆದರೆ ಇಲ್ಲಿ ‘ನಾರ್ಮಲ್’ ಎಂಬುದು ರೋಗ ಹೋಯಿತೆಂಬ ವರ್ತಮಾನವಲ್ಲ, ಮಾತ್ರೆ ತನ್ನ ಕೆಲಸವನ್ನು ಮಾಡುತ್ತಿದೆಯೆಂಬ ವರ್ತಮಾನ. ಈ ವರ್ಷ ನೀರು ಏರಿಯನ್ನು ಮೀರಲಿಲ್ಲ, ಆದುದರಿಂದ ಏರಿ ಬೇಡ ಎಂದು ಕೆರೆಯ ಏರಿಯನ್ನು ಅಗೆದುಹಾಕುವ ಗ್ರಾಮಸ್ಥರು ಎಲ್ಲಿಯೂ ಇರಲಾರರು. ಮಾತ್ರೆಯ ವಿಷಯದಲ್ಲಿ ಮಾತ್ರ ವಿವೇಕಿಗಳೂ ಹಾಗೆ ಮಾಡುವುದುಂಟು. ಬಿಟ್ಟ ಮಾರನೆಯ ದಿನವೇ ಕೆಡುಕೇನೂ ಕಾಣಿಸಿಕೊಳ್ಳುವುದಿಲ್ಲ. ಅಮ್ಲೊಡಿಪಿನ್ನಿನಂತಹ ಔಷಧದ ಪ್ರಭಾವ ದೇಹದಲ್ಲಿ ಹಲವು ದಿನಗಳವರೆಗೆ ಉಳಿದು ನಿಧಾನವಾಗಿ ಕರಗುವುದರಿಂದ, ‘ಬಿಟ್ಟರೂ ಏನೂ ಆಗಲಿಲ್ಲ’ ಎಂಬ ಸುಳ್ಳು ಧೈರ್ಯಕ್ಕೆ ಅವಕಾಶವಾಗುತ್ತದೆ.

‘ಒಮ್ಮೆ ಶುರು ಮಾಡಿದರೆ ಮೈ ಅದಕ್ಕೆ ಒಗ್ಗಿಹೋಗಿ, ಆಮೇಲೆ ಬಿಡುವುದಕ್ಕೇ ಆಗುವುದಿಲ್ಲ’ ಎಂಬ ಇನ್ನೊಂದು ಭಯವಿದೆ. ಮದ್ಯದ ಅಥವಾ ಹೊಗೆಸೊಪ್ಪಿನ ಚಟದಂತೆ ಈ ಮಾತ್ರೆಗಳ ಚಟ ಅಂಟುವುದಿಲ್ಲ; ಬಿಟ್ಟಾಗ ಒತ್ತಡ ಏರುವುದು ರೋಗ ಅಲ್ಲಿಯೇ ಇದ್ದುದರಿಂದ. ಆದರೂ ಈ ಭಯದ ಒಂದು ಮೂಲೆಯಲ್ಲಿ ನಿಜವಿದೆ. ಅಟೆನಲಾಲ್, ಮೆಟಪ್ರೊಲಾಲ್, ಪ್ರೊಪ್ರನಲಾಲ್ ಮುಂತಾಗಿ ‘ಲಾಲ್’ ಎಂದು ಕೊನೆಗೊಳ್ಳುವ ಹೆಸರಿನ ಔಷಧಗಳನ್ನೂ, ಕ್ಲೊನಿಡಿನ್ ಎಂಬುದನ್ನೂ ಹಠಾತ್ತಾಗಿ ನಿಲ್ಲಿಸಿದರೆ, ಅದುವರೆಗೆ ತಡೆಹಿಡಿಯಲ್ಪಟ್ಟಿದ್ದ ಉದ್ವೇಗವು ಒಮ್ಮೆಲೆ ಬಿಡುಗಡೆಯಾಗಿ ನಾಡಿ ಓಡುತ್ತದೆ, ಒತ್ತಡ ಮೊದಲಿಗಿಂತಲೂ ಮೇಲೇರಬಹುದು. ಹೃದಯದ ರಕ್ತನಾಳಗಳಲ್ಲಿ ಅಡಚಣೆಯುಳ್ಳವರಿಗೆ ಎದೆನೋವೋ ಹೃದಯಾಘಾತವೋ ಸಂಭವಿಸಬಹುದು. ಇವುಗಳನ್ನು ನಿಲ್ಲಿಸಲೇಬೇಕಾದರೆ ವೈದ್ಯರು ದಿನಗಳ, ವಾರಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಊರಿಗೆ ಹೊರಟಾಗ, ಮದುವೆಯ ಮನೆಗೆ ಹೋದಾಗ, ಯಾತ್ರೆಯಲ್ಲಿದ್ದಾಗ ಮಾತ್ರೆ ಮುಗಿದುಹೋಗಿ ನಾಲ್ಕಾರು ದಿನ ತಪ್ಪುವುದು ನಮ್ಮಲ್ಲಿ ಸರ್ವೇಸಾಮಾನ್ಯ. ಅಂಥವರು ಹೊರಡುವ ಮುನ್ನ ಒಂದು ವಾರದ ಹೆಚ್ಚುವರಿ ಮಾತ್ರೆಗಳನ್ನು, ಪೆಟ್ಟಿಗೆಯಲ್ಲಿ ಅಲ್ಲ, ಕೈಚೀಲದಲ್ಲಿ ಇಟ್ಟುಕೊಳ್ಳತಕ್ಕದ್ದು. ಒಂದು ಹೊತ್ತಿನ ಮಾತ್ರೆ ಮರೆತುಹೋದರೆ ನೆನಪಾದಾಗ ತೆಗೆದುಕೊಳ್ಳಬಹುದು. ಮುಂದಿನ ಹೊತ್ತು ಸಮೀಪಿಸಿದ್ದರೆ ಮರೆತದ್ದನ್ನು ಮರೆತೇಬಿಡಬೇಕು. ಎರಡನ್ನೂ ಕೂಡಿಸಿ ನುಂಗಿದರೆ ಒತ್ತಡ ಅತಿಯಾಗಿ ಇಳಿದು ತಲೆಸುತ್ತಿ ಬಿದ್ದಾರು. ಬೆಳಿಗ್ಗೆಯೋ ರಾತ್ರಿಯೋ ಎಂಬ ಚರ್ಚೆ ಬಹುಕಾಲ ನಡೆದಿತ್ತು. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರನ್ನು ವರ್ಷಗಳ ಕಾಲ ಅವಲೋಕಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡಕ್ಕೂ ಭೇದ ಕಾಣಲಿಲ್ಲ. ವೈದ್ಯರು ಹೊತ್ತನ್ನು ವಿಶೇಷವಾಗಿ ಗೊತ್ತುಮಾಡಿರದಿದ್ದರೆ, ಮರೆಯದೆ ನೆನಪಾಗುವ ಹೊತ್ತೇ ಉತ್ತಮವಾದ ಹೊತ್ತು.

ಪ್ರತಿಯೊಂದು ಔಷಧಕುಲಕ್ಕೂ ಅದರದೇ ಆದ ಉಪದ್ರವಗಳುಂಟು. ಅವನ್ನು ಮೊದಲೇ ತಿಳಿದಿದ್ದವನು ಹೆದರಿ ಮಾತ್ರೆಯನ್ನು ಬಿಸುಡುವುದಿಲ್ಲ. ‘ಡಿಪಿನ್’ ಎಂದು ಮುಗಿಯುವ ಅಮ್ಲೊಡಿಪಿನ್, ನಿಫೆಡಿಪಿನ್ ಮೊದಲಾದವು ರಕ್ತನಾಳಗಳ ಗೋಡೆಯನ್ನು ಸಡಿಲಿಸುತ್ತವೆ. ಸಂಜೆಯ ಹೊತ್ತಿಗೆ ಪಾದ ಬಾತುಕೊಂಡು ಚಪ್ಪಲಿಯ ಬಾರು ಬಿಗಿಯಾಯಿತೆಂದರೆ ಅದು ಇವುಗಳಿಂದ ಇರಬಹುದು. ‘ಪ್ರಿಲ್’ ಎಂದು ಮುಗಿಯುವ ಎನಲಪ್ರಿಲ್, ರಾಮಿಪ್ರಿಲ್ ಇತ್ಯಾದಿಗಳ ಮೂಲಪುರುಷನು ಬ್ರೆಜಿಲ್ ದೇಶದ ಮಂಡಲದ ಹಾವೊಂದರ ವಿಷವನ್ನು ಅಭ್ಯಸಿಸಿದವರ ಬುದ್ಧಿಯಿಂದ ಹುಟ್ಟಿ 1981ರಲ್ಲಿ ಬಳಕೆಗೆ ಬಂದ ಕ್ಯಾಪ್ಟೊಪ್ರಿಲ್. ಇವು ಕೆಲವರಲ್ಲಿ ವಾರಗಟ್ಟಲೆ ಬಿಡದ ಒಣಕೆಮ್ಮನ್ನು ತರುತ್ತವೆ. ಕೆಮ್ಮು ಮಾತ್ರೆಯದೆಂದು ತಿಳಿಯದೆ ರೋಗಿಯು ಔಷಧದ ಅಂಗಡಿಯ ಸಿರಪ್ಪುಗಳನ್ನು ಒಂದಾದ ಮೇಲೊಂದು ಕುಡಿಯುತ್ತಿರುತ್ತಾನೆ. ಅಪರೂಪವಾಗಿ ತುಟಿ, ನಾಲಗೆ, ಗಂಟಲು ಊದಿಕೊಳ್ಳುವುದುಂಟು. ಆಗ ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು, ಆ ಕುಲದ ಮಾತ್ರೆಯನ್ನು ಮುಂದೆಂದೂ ಮುಟ್ಟಬಾರದು. ‘ಸಾರ್ಟಾನ್’ ಎಂದು ಮುಗಿಯುವ ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಮುಂತಾದವು ಇವುಗಳ ದಾಯಾದಿಗಳು. ಕೆಮ್ಮಿನ ಕಾಟ ಇವುಗಳಲ್ಲಿ ಕಡಮೆ. ಆದರೆ ಪ್ರಿಲ್ ಮತ್ತು ಸಾರ್ಟಾನ್ ಎರಡೂ ಕುಲಗಳು ಗರ್ಭಸ್ಥ ಶಿಶುವಿಗೆ ಹಾನಿ ಮಾಡತಕ್ಕವು. ಗರ್ಭಿಣಿಯಾದವಳು, ಗರ್ಭಿಣಿಯಾಗಬೇಕೆಂದಿರುವವಳು ಅದನ್ನು ವೈದ್ಯರಿಗೆ ಮೊದಲೇ ಹೇಳಿ ಬೇರೆ ಔಷಧಕ್ಕೆ ಬದಲಾಯಿಸಿಕೊಳ್ಳಲೇಬೇಕು. ಮೂತ್ರವನ್ನು ಹೆಚ್ಚಿಸುವ ಕ್ಲೋರ್‌ಥಾಲಿಡೋನ್, ಹೈಡ್ರೊಕ್ಲೋರೊಥಯಜೈಡ್ ಮಾತ್ರೆಗಳು ವೃದ್ಧರಲ್ಲಿ ರಕ್ತದ ಸೋಡಿಯಂ ಅಂಶವನ್ನು ತಗ್ಗಿಸಿ ಮಂಕು, ನಿಶ್ಶಕ್ತಿ, ತಡಬಡಿಕೆಗಳನ್ನು ಉಂಟುಮಾಡಬಹುದು. ಮನೆಯವರು ಅದನ್ನು ಮುಪ್ಪಿನ ಅರಳುಮರಳೆಂದು ತಿಳಿದು ಸುಮ್ಮನಿದ್ದುಬಿಡುವ ಸಂಭವವಿದೆ. ಈ ಔಷಧಗಳನ್ನು ಆರಂಭಿಸಿದ ಕೆಲವು ವಾರಗಳಲ್ಲಿ ರಕ್ತದ ಕ್ರಿಯಾಟಿನಿನ್, ಪೊಟ್ಯಾಸಿಯಂ, ಸೋಡಿಯಂಗಳನ್ನು ಒಮ್ಮೆ ಪರೀಕ್ಷಿಸಬೇಕೆಂದು ವೈದ್ಯರು ಹೇಳಿದರೆ ಅದನ್ನು ವ್ಯರ್ಥವಾದ ಖರ್ಚೆಂದು ತಿಳಿಯಬಾರದು.

ನನ್ನ ಅಭಿಪ್ರಾಯದಲ್ಲಿ, ನಮ್ಮ ನಾಡಿನಲ್ಲಿ ಬಿಪಿ ಮಾತ್ರೆಗಿಂತಲೂ ಹೆಚ್ಚಿನ ಎಚ್ಚರಿಕೆ ಬೇಕಾಗಿರುವುದು ಅದರ ಜೊತೆಗೆ ಹೊಟ್ಟೆ ಸೇರುವ ಇತರ ವಸ್ತುಗಳ ವಿಷಯದಲ್ಲಿ. ಮಂಡಿನೋವಿಲ್ಲದ ವೃದ್ಧರು ವಿರಳ. ಚೀಟಿಯಿಲ್ಲದೆ ಅಂಗಡಿಯಿಂದ ಡೈಕ್ಲೊಫೆನಕ್, ಐಬುಪ್ರೊಫೆನ್ ತಂದು ನುಂಗದವರೂ ವಿರಳರೇ. ಈ ನೋವಿನ ಮಾತ್ರೆಗಳು ದೇಹದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟು ಒತ್ತಡವನ್ನು ಏರಿಸುತ್ತವೆ, ಬಿಪಿ ಮಾತ್ರೆಯ ಪ್ರಭಾವವನ್ನು ಕುಂದಿಸುತ್ತವೆ. ಪ್ರಿಲ್ ಅಥವಾ ಸಾರ್ಟಾನ್ ಒಂದು ಕಡೆ, ಮೂತ್ರವರ್ಧಕವೊಂದು ಕಡೆ, ನೋವಿನ ಮಾತ್ರೆಯೊಂದು ಕಡೆ, ಹೀಗೆ ಮೂರೂ ಕೂಡಿದಾಗ ಮೂತ್ರಪಿಂಡಕ್ಕೆ ಹರಿಯುವ ರಕ್ತವೇ ಕ್ಷೀಣಿಸಿ, ಬೇಸಗೆಯ ಬಿಸಿಲಿನಲ್ಲಿಯೋ ವಾಂತಿಭೇದಿಯಲ್ಲಿಯೋ ಮೈಯ ನೀರು ಬತ್ತಿದ ದಿನ ಆ ಮೂತ್ರಪಿಂಡವೇ ಹಠಾತ್ತಾಗಿ ಸೋಲಬಹುದು. ವಾಂತಿಭೇದಿ ಬಲವಾಗಿ ಹಿಡಿದಾಗ ಬಿಪಿ ಮಾತ್ರೆಯನ್ನು ಎಂದಿನಂತೆ ನುಂಗಬೇಕೋ ಎರಡು ದಿನ ತಡೆಯಬೇಕೋ ಎಂದು ಆ ದಿನವೇ ವೈದ್ಯರನ್ನು ಕೇಳತಕ್ಕದ್ದು; ನೀರನ್ನೂ ಕುಡಿಯದ ಏಕಾದಶಿಯ ಉಪವಾಸವನ್ನೋ ರಂಜಾನಿನ ಉಪವಾಸವನ್ನೋ ಹಿಡಿಯುವವರು ಉಪವಾಸಕ್ಕೆ ಮುಂಚಿತವಾಗಿಯೇ ಕೇಳಿಕೊಳ್ಳುವುದು ಲೇಸು. ಅಂತೆಯೇ, ನೆಗಡಿಗೆಂದು ಕೊಳ್ಳುವ ಎಷ್ಟೋ ಮಾತ್ರೆಗಳಲ್ಲಿ ಮೂಗಿನ ಕಟ್ಟನ್ನು ಬಿಡಿಸುವ ಫಿನೈಲೆಫ್ರಿನ್ ಎಂಬ ದ್ರವ್ಯವಿರುತ್ತದೆ. ಅದರ ಗುಣ ರಕ್ತನಾಳಗಳನ್ನು ಸಂಕುಚಿತಗೊಳಿಸುವುದೇ. ಕೆಮ್ಮಿಗೆ ಮನೆಯಲ್ಲಿ ತೇದು ನೆಕ್ಕಿಸುವ ಜೇಷ್ಠಮಧುವು ಒಂದೆರಡು ದಿನಕ್ಕೆ ಸರಿ; ತಿಂಗಳುಗಟ್ಟಲೆ ಕಷಾಯವಾಗಿ ಕುಡಿದರೆ ಪೊಟ್ಯಾಸಿಯಂ ಇಳಿದು ಒತ್ತಡ ಏರುತ್ತದೆ. ಹೊಟ್ಟೆಯುಬ್ಬರಕ್ಕೆಂದು ನೀರಿನಲ್ಲಿ ಕದಡಿ ಕುಡಿಯುವ ನೊರೆಯುಕ್ಕುವ ಪುಡಿಗಳಲ್ಲಿರುವ ಸೋಡಾ ಕೂಡ ಸೋಡಿಯಂ ಅಲ್ಲದೆ ಬೇರೆಯಲ್ಲ.

ಉಪ್ಪಿನ ಮಾತು ಬಂದುದರಿಂದ ಇಷ್ಟನ್ನು ಹೇಳಿಬಿಡುವೆನು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೆ 5 ಗ್ರಾಮಿಗಿಂತ ಕಡಮೆ, ಎಂದರೆ ಒಂದು ಚಹಾ ಚಮಚೆಗಿಂತ ಕಡಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ಈ ಲೆಕ್ಕದೊಳಗೇ ಸೇರಬೇಕು. ಸೈಂಧವ ಲವಣವೂ ಬಹುಮಟ್ಟಿಗೆ ಅದೇ ಸೋಡಿಯಂ ಕ್ಲೋರೈಡು. ಅದರಿಂದ ಒತ್ತಡಕ್ಕೆ ರಿಯಾಯಿತಿಯೇನೂ ಇಲ್ಲ. ‘ಕಡಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಸೋಡಿಯಂಗೆ ಬದಲಾಗಿ ಪೊಟ್ಯಾಸಿಯಂ ಕ್ಲೋರೈಡನ್ನು ಸೇರಿಸಿರುತ್ತಾರೆ. ಎಷ್ಟೋ ಮಂದಿಗೆ ಅದು ಹಿತವಾದದ್ದೇ. ಆದರೆ ಪ್ರಿಲ್, ಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ಸೇವಿಸುವವರಲ್ಲಿ, ಮೂತ್ರಪಿಂಡ ದುರ್ಬಲವಾದವರಲ್ಲಿ, ರಕ್ತದ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸುವ ಮಟ್ಟಕ್ಕೆ ಏರಬಹುದು. ಅಂಥವರಿಗೆ ಎಳನೀರಿನ ವಿಷಯದಲ್ಲಿಯೂ ಮಿತಿ ಬೇಕು.

ಔಷಧದ ಅಂಗಡಿಯಲ್ಲಿ ತೋರಬೇಕಾದ ಜಾಗರೂಕತೆ ಬೇರೆ. ಒಂದೇ ಔಷಧವು ಹತ್ತಾರು ಕಂಪೆನಿಗಳ ಹತ್ತಾರು ಹೆಸರುಗಳಲ್ಲಿ ಮಾರಾಟವಾಗುತ್ತಿರುವಾಗ, ಹೃದಯದ ವೈದ್ಯರು ಒಂದು ಹೆಸರಿನಲ್ಲಿಯೂ ಸಕ್ಕರೆಕಾಯಿಲೆಯ ವೈದ್ಯರು ಇನ್ನೊಂದು ಹೆಸರಿನಲ್ಲಿಯೂ ಬರೆದ ಅದೇ ಟೆಲ್ಮಿಸಾರ್ಟಾನನ್ನು ರೋಗಿಯು ಎರಡು ಬೇರೆ ಮಾತ್ರೆಗಳೆಂದು ನಂಬಿ ನುಂಗುವುದು ಅಸಂಭವವಲ್ಲ. ಕಂಪೆನಿಯ ಹೆಸರಿನ ಬಳಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವುದೇ ಔಷಧದ ನಿಜವಾದ ಹೆಸರು. ಅದನ್ನು ಓದಿಕೊಳ್ಳಬೇಕು, ಕಣ್ಣು ಸಾಲದಿದ್ದರೆ ಮನೆಯ ಹುಡುಗರಿಂದ ಓದಿಸಿಕೊಳ್ಳಬೇಕು. ಹೆಸರಿನ ಕೊನೆಯಲ್ಲಿ ಎಚ್, ಎಎಂ ಎಂಬ ಅಕ್ಷರಗಳು ಬಾಲದಂತೆ ಸೇರಿಕೊಂಡಿದ್ದರೆ ಸಾಮಾನ್ಯವಾಗಿ ಅದರೊಳಗೆ ಎರಡನೆಯ ಔಷಧವೊಂದು ಅಡಗಿದೆಯೆಂದು ಅರ್ಥ. ಬಾಲವಿಲ್ಲದ್ದಕ್ಕೆ ಬದಲಾಗಿ ಬಾಲವಿರುವುದನ್ನು ಅಂಗಡಿಯವನು ಕೊಟ್ಟರೆ ಚಿಕಿತ್ಸೆಯೇ ಬದಲಾಯಿತು. ಎಕ್ಸ್‌ಎಲ್, ಎಸ್‌ಆರ್ ಎಂದಿರುವ ಮಾತ್ರೆಗಳು ದಿನವಿಡೀ ಮೆಲ್ಲಮೆಲ್ಲನೆ ಕರಗುವಂತೆ ರಚಿತವಾದವು. ನುಂಗಲು ಕಷ್ಟವೆಂದು ಅವನ್ನು ಕುಟ್ಟಿ ಪುಡಿಮಾಡಿದರೆ ಇಡೀ ದಿನದ ಔಷಧ ಒಮ್ಮೆಲೆ ರಕ್ತಕ್ಕೆ ಇಳಿಯುತ್ತದೆ. ನಾಲ್ಕು ಮಾತ್ರೆ ಸಾಕೆಂದಾಗ ಅಂಗಡಿಯವನು ಪಟ್ಟಿಯನ್ನು ಕತ್ತರಿಸಿ ಕೊಡುತ್ತಾನೆ. ಅವಧಿ ಮುಗಿಯುವ ದಿನಾಂಕ ಅವನ ಬಳಿ ಉಳಿದ ತುಂಡಿನಲ್ಲಿ ಹೋಗಿಬಿಡುತ್ತದೆ. ಜೀವನಪರ್ಯಂತ ಬೇಕಾದ ಔಷಧವನ್ನು ಇಡೀ ಪಟ್ಟಿಯಾಗಿ ಕೊಳ್ಳುವುದೇ ಸರಿ, ಬೆಲೆ ಭಾರವೆನಿಸಿದರೆ ಜನೌಷಧಿ ಕೇಂದ್ರಗಳು ಇವೆ.

ಮೈ ಹೇಳದುದನ್ನು ಅಳತೆಯ ಯಂತ್ರ ಹೇಳಬೇಕಾದುದರಿಂದ, ಅಳೆಯುವ ಕ್ರಮವೂ ಚಿಕಿತ್ಸೆಯ ಭಾಗವೇ. ಮೆಟ್ಟಿಲೇರಿ ಬಂದ ಕೂಡಲೇ, ಕಾಫಿ ಕುಡಿದ ಕೂಡಲೇ, ಬೀಡಿ ಸೇದಿದ ಕೂಡಲೇ, ಮೂತ್ರವನ್ನು ತಡೆದುಕೊಂಡು, ಮಾತನಾಡುತ್ತ, ಅಂಗಿಯ ತೋಳಿನ ಮೇಲೆಯೇ ಪಟ್ಟಿಯನ್ನು ಸುತ್ತಿ ಅಳೆದ ಅಂಕೆಗೆ ಬೆಲೆಯಿಲ್ಲ. ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲದ ಮೇಲೂರಿ, ತೋಳನ್ನು ಮೇಜಿನ ಮೇಲೆ ಹೃದಯದ ಮಟ್ಟಕ್ಕಿರಿಸಿ, ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ದಿನಾಂಕದೊಡನೆ ಪುಸ್ತಕವೊಂದರಲ್ಲಿ ಬರೆದಿಡಬೇಕು. ವೈದ್ಯರ ಬಳಿಗೆ ಹೋಗುವಾಗ ಈ ಪುಸ್ತಕವನ್ನೂ, ಬಿಪಿಯದಲ್ಲದ ಮಾತ್ರೆ, ಚೂರ್ಣ, ಲೇಹ್ಯಗಳನ್ನೂ ಸೇರಿಸಿ ಸೇವಿಸುವ ಔಷಧಗಳೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋದರೆ ಅವರ ಅರ್ಧ ಕೆಲಸವನ್ನು ನೀವೇ ಮಾಡಿದಂತಾಯಿತು. ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆಯ ವೈದ್ಯರಿಗೂ ಇದೇ ಚೀಲವನ್ನು ತೋರಿಸಬೇಕು. ಆ ದಿನ ಯಾವುದನ್ನು ನುಂಗಬೇಕು, ಯಾವುದನ್ನು ತಡೆಯಬೇಕು ಎಂಬುದನ್ನು ಅವರು ಹೇಳುತ್ತಾರೆ.

ಒಂದು ದಿನ ಮೇಲಿನ ಅಂಕೆ 180ನ್ನು ದಾಟಿ ಕಂಡಿತೆಂದು ಗಾಬರಿಯಿಂದ ಎರಡು ಮೂರು ಮಾತ್ರೆಗಳನ್ನು ಒಟ್ಟಿಗೆ ನುಂಗುವವರಿದ್ದಾರೆ. ಹಿಂದೆ ನಿಫೆಡಿಪಿನ್ನಿನ ಕ್ಯಾಪ್ಸೂಲನ್ನು ಚುಚ್ಚಿ ನಾಲಗೆಯ ಕೆಳಗೆ ಹಿಂಡುವುದು ವೈದ್ಯರಲ್ಲಿಯೇ ರೂಢಿಯಾಗಿತ್ತು. ಒತ್ತಡ ಬಾವಿಗೆ ಬಿದ್ದಂತೆ ಕುಸಿದು ಅದರಿಂದಲೇ ಪಾರ್ಶ್ವವಾಯು, ಹೃದಯಾಘಾತಗಳಾದುದನ್ನು ಕಂಡು 1990ರ ದಶಕದಲ್ಲಿ ಅದನ್ನು ಕೈಬಿಡಬೇಕೆಂದು ತಜ್ಞರು ಬಲವಾಗಿ ಎಚ್ಚರಿಸಿದರು. ವರ್ಷಗಳಿಂದ ಎತ್ತರದ ಒತ್ತಡಕ್ಕೆ ಹೊಂದಿಕೊಂಡ ಮೆದುಳು ಹಠಾತ್ ಇಳಿತವನ್ನು ಸಹಿಸಲಾರದು. ಬೇರಾವ ತೊಂದರೆಯೂ ಇಲ್ಲದಿದ್ದರೆ ಐದು ನಿಮಿಷ ಕುಳಿತು ಮತ್ತೆ ಅಳೆದು, ಹಾಗೆಯೇ ಇದ್ದರೆ ಅಂದೇ ವೈದ್ಯರನ್ನು ಸಂಪರ್ಕಿಸುವುದು ಸರಿಯಾದ ದಾರಿ. ಎದೆನೋವು, ಉಸಿರಾಟದ ಕಷ್ಟ, ಮುಖ ಸೊಟ್ಟಗಾಗುವುದು, ಒಂದು ಪಕ್ಕದ ಕೈಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಮಂಜಾಗುವುದು ಇವುಗಳಲ್ಲಿ ಯಾವುದೊಂದು ಜೊತೆಗೂಡಿದರೂ ಯಂತ್ರವನ್ನು ಬದಿಗಿಟ್ಟು 108ಕ್ಕೆ ಕರೆ ಮಾಡಬೇಕು.

ಮಾತ್ರೆಯ ಪ್ರಮಾಣ ಎಂದೆಂದಿಗೂ ಒಂದೇ ಆಗಿರಬೇಕೆಂದು ಇಷ್ಟರಿಂದ ಭಾವಿಸಬಾರದು. ಮೈತೂಕ ಇಳಿದು, ಉಪ್ಪು ಕಡಮೆಯಾಗಿ, ನಡಿಗೆ ಅಭ್ಯಾಸವಾಗಿ, ಮದ್ಯ ದೂರವಾದವರಲ್ಲಿ ಒತ್ತಡ ತಾನಾಗಿ ತಗ್ಗಿ ಔಷಧವೂ ತಗ್ಗಬಹುದು. ಎಂಬತ್ತರ ಆಚೆಯ ವೃದ್ಧರಲ್ಲಿ, ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣು ಕತ್ತಲೆಗಟ್ಟುವುದಿದ್ದರೆ, ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿಯುವ ಅಪಾಯ ಒತ್ತಡದ ಅಪಾಯಕ್ಕಿಂತ ಸಮೀಪದ್ದಾಗಬಹುದು. ಅಂಥವರ ಒತ್ತಡವನ್ನು ಕುಳಿತಾಗಲೂ ನಿಂತಾಗಲೂ ಅಳೆಯಿಸಿ, ‘ಇದನ್ನು ಇಳಿಸಬಹುದೇ?’ ಎಂದು ಮನೆಯವರು ವೈದ್ಯರನ್ನು ನಿಸ್ಸಂಕೋಚವಾಗಿ ಕೇಳಬೇಕು. ಇಳಿಸುವುದಾದರೆ ಒಂದು ಸಲಕ್ಕೆ ಒಂದೇ ಔಷಧವನ್ನು ಇಳಿಸಿ, ಮುಂದಿನ ಕೆಲವು ವಾರಗಳ ಅಳತೆಯನ್ನು ಬರೆದಿಟ್ಟು ನೋಡುತ್ತಾರೆ. ಅಂಕೆ ಮತ್ತೆ ಏರತೊಡಗಿದರೆ ಹಿಂದಿನ ಪ್ರಮಾಣಕ್ಕೆ ಮರಳಬೇಕಾಗುವುದೆಂಬುದನ್ನು ರೋಗಿಗೆ ಮೊದಲೇ ತಿಳಿಸಿರುತ್ತಾರೆ.